ಟೇಕಡಿಯ ಮೇಲೆ ಒಂದು ಮೀಟರ್ ಹುಲ್ಲು

ಪುಣೆಯಲ್ಲಿ ಗುಡ್ಡಕ್ಕೆ ಟೇಕಡಿ ಅನ್ನುತ್ತಾರೆ. ವೇತಾಳ ಟೇಕಡಿ, ಪರ್ವತಿ, ತಳಜಾಯಿ ಎಲ್ಲ ಊರ ನಡುವೆಯೇ ಇವೆ. ಬೆಳಿಗ್ಗೆ ಆರಕ್ಕೆ ಹೊರಟವರು ಎಂಟೂವರೆಗೆ ಮನೆ ಸೇರಿ ಆಫೀಸಿಗೆ ಹೊರಡಬಹುದು. ನಮ್ಮದು ಸಣ್ಣ ಕನ್ನಡ ಪ್ರಾರ್ಥನಾ ಗುಂಪು. ಹೆಚ್ಚಿನವರು ಗದಗ, ಧಾರವಾಡ, ಬೀದರ ಕಡೆಯವರು, ಒಂದೆರಡು ಮನೆ ಮಂಗಳೂರಿನವು. ವರ್ಷಕ್ಕೆ ಐದು ಸಲ ಇಂಥದೊಂದು ಟೇಕಡಿ ಹತ್ತಿ, ಗುರುತು ಮಾಡಿಟ್ಟ ಒಂದು ಚದರ ಮೀಟರ್ ಹುಲ್ಲಿನ ಮುಂದೆ ಕೂತು, ಬೈಬಲ್ಲಿನ ಒಂದು ವಾಕ್ಯಭಾಗ ಓದಿ, ತಲಾ ಮೂರು ಸಾಲು ಕೃತಜ್ಞತೆ ಬರೆದು ಇಳಿಯುತ್ತೇವೆ. ನೋಡಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಇದನ್ನು ತಪ್ಪಾಗಿ ಮಾಡುವ ದಾರಿಗಳು ಬಹಳ ಇವೆ, ಅವುಗಳಲ್ಲಿ ಹೆಚ್ಚಿನವನ್ನು ನಾವು ಮಾಡಿ ಮುಗಿಸಿದ್ದೇವೆ. ಬೇರೆ ಗುಂಪಿನವರು ಕೇಳುತ್ತಿರುತ್ತಾರೆಂದು ವಿವರವಾಗಿ ಬರೆಯುತ್ತಿದ್ದೇನೆ.

ಹುಲ್ಲೇ ಯಾಕೆ? ಬೈಬಲ್ಲಿನಲ್ಲಿ ಮನುಷ್ಯನ ಆಯುಷ್ಯದ ಮಾತು ಬರುವಲ್ಲಿ ಮತ್ತೆ ಮತ್ತೆ ಹುಲ್ಲು ಬರುತ್ತದೆ. ಕೀರ್ತನೆ 90, ಕೀರ್ತನೆ 103, ಯೆಶಾಯ 40, ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ, ಪೇತ್ರನ ಮೊದಲ ಪತ್ರಿಕೆಯ ಮೊದಲ ಅಧ್ಯಾಯ, ಯೇಸುವಿನ ಬೆಟ್ಟದ ಪ್ರಸಂಗದಲ್ಲಿ ಒಲೆಯ ಪಾಲಾಗುವ ಅಡವಿಯ ಹುಲ್ಲು. ನಗರದ ಸಭೆಗಳಲ್ಲಿ ಈ ಭಾಗ ಓದುವಾಗ ಜನರ ಕಣ್ಣ ಮುಂದೆ ಬರುವುದು ಸೊಸೈಟಿಯ ಲಾನ್. ಅದು ಬಾಡುವುದಿಲ್ಲ. ಅದಕ್ಕೆ ಬೋರ್‌ವೆಲ್ ನೀರಿದೆ, ಮಾಲಿ ಇದ್ದಾನೆ, ಹೂ ಬಿಡುವ ಮೊದಲೇ ಯಂತ್ರ ಅದರ ತಲೆ ಕತ್ತರಿಸುತ್ತದೆ. ಲಾನ್ ನೋಡಿಕೊಂಡು ಕೀರ್ತನೆ 103 ಅರ್ಥವಾಗಲಿಕ್ಕೆ ಸಾಧ್ಯವೇ ಇಲ್ಲ. ಯಾರೂ ನೀರು ಹಾಕದ ಹುಲ್ಲು ಬೇಕು.

ಇನ್ನೊಂದು ತೊಡಕು ಕಾಲಮಾನದ್ದು. ಇಂಥ ಧ್ಯಾನಗಳಿಗೆ ಸಿಗುವ ಪುಸ್ತಕಗಳೆಲ್ಲ ಚಳಿದೇಶದವು. ಅಲ್ಲಿ ಅಕ್ಟೋಬರಿನಲ್ಲಿ ಎಲೆ ಉದುರುತ್ತದೆ, ವಸಂತದಲ್ಲಿ ಈಸ್ಟರ್‌ಗೆ ಸರಿಯಾಗಿ ಚಿಗುರು ಬರುತ್ತದೆ. ಪುಣೆಯಲ್ಲಿ ಈಸ್ಟರ್ ಬರುವುದು ಸುಡುವ ಬಿಸಿಲಿನಲ್ಲಿ, ಆಗ ಟೇಕಡಿ ಬೋಳು. ಬೈಬಲ್ಲಿನ ನಾಡಿನ ಲೆಕ್ಕವೂ ನಮ್ಮದಲ್ಲ. ಅಲ್ಲಿ ಮಳೆ ಚಳಿಗಾಲದಲ್ಲಿ, ಮುಂಗಾರು ಅಕ್ಟೋಬರ್-ನವೆಂಬರಿನಲ್ಲಿ, ಹಿಂಗಾರು ಮಾರ್ಚ್-ಏಪ್ರಿಲಿನಲ್ಲಿ. ಆಮೇಲೆ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದರೆ ಬೆಟ್ಟದ ಹಸಿರು ಕೆಲವೇ ದಿನಗಳಲ್ಲಿ ಕಂದುತ್ತದೆ. ಕೀರ್ತನೆ 103ರಲ್ಲಿ ಗಾಳಿ ಬೀಸಿದರೆ ಸಾಕು ಹೂ ಇಲ್ಲವಾಗುತ್ತದೆ ಅಂದಿರುವುದು ಈ ಗಾಳಿಯ ಅನುಭವದಿಂದ. ನಮ್ಮಲ್ಲಿ ಹುಲ್ಲಿನ ಆಯುಷ್ಯ ಜೂನ್‌ನಿಂದ ಡಿಸೆಂಬರ್. ಗಾಳಿಗಿಂತ ಮಳೆ ನಿಲ್ಲುವುದು ಅದನ್ನು ಕೊಲ್ಲುತ್ತದೆ. ಹಾಗಾಗಿ ಕ್ಯಾಲೆಂಡರನ್ನು ನಾವೇ ಮಾಡಿಕೊಳ್ಳಬೇಕಾಯಿತು.

ಮೊದಲು ಜಾಗ. ಹತ್ತುವ ದಾರಿಯಿಂದ ಹದಿನೈದಿಪ್ಪತ್ತು ಹೆಜ್ಜೆ ಒಳಗೆ ಇರಬೇಕು. ಹತ್ತಿರವಾದರೆ ನಡೆಯುವವರ ಕಾಲಿಗೆ ಸಿಗುತ್ತದೆ, ದೂರವಾದರೆ ಮೊಣಕಾಲು ನೋವಿನವರು ಬರುವುದಿಲ್ಲ. ಪುಣೆಯ ಟೇಕಡಿಗಳಲ್ಲಿ ಗ್ಲಿರಿಸಿಡಿಯಾ ಗಿಡ ಬಹಳ ನೆಟ್ಟಿದ್ದಾರೆ, ಅದರ ಕೆಳಗೆ ಜಾಗ ಹಿಡಿಯಬಾರದು. ನೆರಳಿಗೆ ಹುಲ್ಲು ಏಳುವುದಿಲ್ಲ, ಎದ್ದದ್ದೂ ಉದುರಿದ ಎಲೆಯ ಕೆಳಗೆ ಮುಚ್ಚಿಹೋಗುತ್ತದೆ. ತೆರೆದ, ಸ್ವಲ್ಪ ಇಳಿಜಾರಿನ ಜಾಗ ಒಳ್ಳೆಯದು.

ಚೌಕಕ್ಕೆ ಗೂಟ ಹೊಡೆಯಲು ಹೋಗಬೇಡಿ. ಇದು ದಖ್ಖನ್ನಿನ ಕರಿಕಲ್ಲು, ಅಂದರೆ ಬಸಾಲ್ಟ್. ಮೇಲೆ ಎರಡು-ಮೂರು ಬೆರಳು ಮಣ್ಣು, ಕೆಳಗೆ ಬಂಡೆ, ಗೂಟ ಬಾಗುತ್ತದೆಯೇ ಹೊರತು ಇಳಿಯುವುದಿಲ್ಲ. ನಾಲ್ಕು ಚಪ್ಪಟೆ ಕಲ್ಲು ಸಾಕು. ಕಲ್ಲಿನ ಮೇಲೆ ಸುಣ್ಣ ಹಚ್ಚಿದರೆ ಭಾನುವಾರದ ಕ್ರಿಕೆಟ್ಟಿಗೆ ಯಾರೋ ಎತ್ತಿಕೊಂಡು ಹೋಗುತ್ತಾರೆ, ಆದ್ದರಿಂದ ಸುಣ್ಣ ಹಚ್ಚುವುದು ಅಡಿಭಾಗಕ್ಕೆ. ಮಗುಚಿ ನೋಡಿದರೆ ನಮ್ಮ ಕಲ್ಲೋ ಅಲ್ಲವೋ ಗೊತ್ತಾಗುತ್ತದೆ. ನಾಲ್ಕೂಕಾಲು ಮೀಟರ್ ಹತ್ತಿ ಹಗ್ಗ, ಮೀಟರಿಗೊಂದು ಕೆಂಪು ದಾರದ ಗುರುತು. ಭೇಟಿಯ ದಿನ ಮಾತ್ರ ಹಗ್ಗ ಹಾಸಿ, ಇಳಿಯುವಾಗ ಸುತ್ತಿ ತರುವುದು. ಬಿಟ್ಟು ಬಂದರೆ ಮೇಯಲು ಬಂದ ಮೇಕೆಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಇದು ಅರಣ್ಯ ಇಲಾಖೆಯ ಜಾಗ, ಅಲ್ಲಿ ಏನನ್ನೂ ಬಿಟ್ಟು ಬರುವ ಹಕ್ಕು ನಮಗಿಲ್ಲ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಂಡೆವೆಂದು ಧೈರ್ಯದಿಂದ ಇರಬೇಡಿ, ಅದು ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಬಂಡೆ, ಅದರ ಹಿಂದೆ ಒಂದು ಮರ, ಅದರ ಹಿಂದೆ ಒಂದು ಕಟ್ಟಡದ ಮೂಲೆ ಒಂದೇ ಗೆರೆಗೆ ಬರುವಂತೆ ನಿಂತು ಫೋಟೋ ತೆಗೆದಿಟ್ಟುಕೊಂಡರೆ ಸೆಪ್ಟೆಂಬರಿನ ಸೊಂಟದೆತ್ತರದ ಹುಲ್ಲಿನಲ್ಲೂ ಜಾಗ ಸಿಗುತ್ತದೆ.

ಎಂಟು ಜನ ಸರಿಯಾದ ಸಂಖ್ಯೆ. ಹನ್ನೆರಡು ದಾಟಿದರೆ ಪಿಕ್ನಿಕ್ ಆಗುತ್ತದೆ, ಡಬ್ಬಿ ಬಿಚ್ಚುತ್ತಾರೆ. ತಿಂಡಿ ಇಳಿದ ಮೇಲೆ, ಕೆಳಗಿನ ಗಾಡಿಯಲ್ಲಿ ಪೋಹೆ, ಚಹಾ. ಮೇಲೆ ನೀರು ಬಿಟ್ಟರೆ ಏನೂ ಇಲ್ಲ. ಮೊಂಬತ್ತಿ, ಊದುಕಡ್ಡಿ ಖಂಡಿತ ಬೇಡ, ನವೆಂಬರ್ ನಂತರ ಒಂದು ಕಿಡಿ ಸಾಕು. ಹೂ ಕೀಳುವಂತಿಲ್ಲ. ಕಾಲಿಗೆ ಬೂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ.

ಕೂತ ಮೇಲೆ ಹತ್ತು ನಿಮಿಷ ಮೌನವಾಗಿ ನೋಡುವುದು. ಬರೀ 'ನೋಡಿ' ಅಂದರೆ ಮೂರನೇ ನಿಮಿಷಕ್ಕೆ ಜನ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡುತ್ತಾರೆ. ಅದು ಪಾರಾಗುವ ದಾರಿ. ಅಡವಿಯ ಹೂಗಳ ವಿಷಯದಲ್ಲಿ ಯೇಸು ಹೇಳಿದ ಮಾತಿಗೆ ಮತ್ತಾಯನ ಸುವಾರ್ತೆ ಬಳಸುವ ಗ್ರೀಕ್ ಕ್ರಿಯಾಪದಕ್ಕೆ 'ಗಮನವಿಟ್ಟು ಕಲಿತುಕೊಳ್ಳಿ' ಎಂಬಷ್ಟು ತೂಕ ಇದೆ. ಕಲಿಯಬೇಕಾದರೆ ಕೆಲಸ ಬೇಕು. ಆದ್ದರಿಂದ ಒಬ್ಬರಿಗೊಂದು ಕೆಲಸ: ಒಬ್ಬರು ಅಡಿಕೋಲು ಹಿಡಿದು ಎತ್ತರ ಅಳೆಯುವುದು, ಒಬ್ಬರು ಎಷ್ಟು ಬಗೆಯ ಗಿಡ ಇದೆ ಎಣಿಸುವುದು, ಒಬ್ಬರು ಹುಳ ತಿಂದದ್ದು, ಒಬ್ಬರು ಸತ್ತದ್ದು. ಹೆಸರು ಗೊತ್ತಿರಬೇಕಿಲ್ಲ, 'ಏಳು ಬಗೆ, ಒಂದಕ್ಕೆ ರೋಮ' ಅಂತ ಬರೆದರೆ ಸಾಕು. ಗಿಡ ಗುರುತಿಸುವ ಆ್ಯಪ್ ತೆರೆದವರು ಹುಲ್ಲಿನಿಂದ ಮೊಬೈಲಿಗೆ ಹೋದವರು, ತಿರುಗಿ ಬರುವುದಿಲ್ಲ.

ಇನ್ನು ಮೂರು ಸಾಲು. ಇಡೀ ಅಭ್ಯಾಸದ ಕಷ್ಟದ ಭಾಗ ಇದೇ. ನಮ್ಮ ಜನರಿಗೆ ಸ್ತುತಿ ಬಾಯಿಪಾಠ. 'ಕಳೆದ ರಾತ್ರಿಯೆಲ್ಲಾ ಕಾಪಾಡಿ, ಈ ಹೊಸ ದಿನವನ್ನು ಕಾಣುವಂತೆ ಮಾಡಿದ್ದಕ್ಕೆ ಸ್ತೋತ್ರ' ಅಂತ ಶುರುವಾದರೆ ಐದು ನಿಮಿಷ ಎಲ್ಲೂ ತಡೆಯದೆ ಹೋಗುತ್ತದೆ, ಮುಗಿದ ಮೇಲೆ ಒಂದು ಮಾತೂ ನೆನಪಿರುವುದಿಲ್ಲ. ಆ ಪ್ರಾರ್ಥನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಸವೆದ ನಾಣ್ಯ, ಮೇಲಿನ ಮುದ್ರೆ ಅಳಿಸಿದೆ. ಬರೆಯುವ ಸಾಲಿಗೆ ಮೂರು ಪರೀಕ್ಷೆ ಇಟ್ಟುಕೊಂಡಿದ್ದೇವೆ. ಏನು, ಯಾವತ್ತು, ಯಾರ ಕೈಯಿಂದ. 'ಒಳ್ಳೆಯ ನೆರೆಹೊರೆಗಾಗಿ' ಅನ್ನುವುದು ಪಾಸಾಗುವುದಿಲ್ಲ. 'ಮಂಗಳವಾರ ಸಂಜೆ ಮಳೆ ಜೋರಾದಾಗ ಗೇಟಿನ ವಾಚ್‌ಮನ್ ಕೊಡೆ ಹಿಡಿದು ರಿಕ್ಷಾದವರೆಗೆ ಬಂದ' ಅನ್ನುವುದು ಪಾಸು. ದೇವರು ಕೊಟ್ಟ ಅನ್ನುವುದರಲ್ಲಿ ಸಂಶಯವಿಲ್ಲ, ಯಾವ ಕೈಯಿಂದ ಕೊಟ್ಟ ಅನ್ನುವುದನ್ನು ಬರೆದಾಗ ಆ ಕೈಗೂ ಒಂದು ಥ್ಯಾಂಕ್ಸ್ ಹೇಳಬೇಕಾಗುತ್ತದೆ. ಅದು ಬಾಕಿ ಉಳಿದಿದ್ದರೆ ಪಕ್ಕದಲ್ಲಿ ಒಂದು ಚುಕ್ಕೆ. ಮುಂದಿನ ಭೇಟಿಯೊಳಗೆ ಚುಕ್ಕೆ ತೀರಿಸಬೇಕು.

ಈಗ ಐದು ಭೇಟಿಗಳು, ಯಾವ ಓದು ಯಾವಾಗ ಅನ್ನುವುದು. ಮೊದಲು ನಾವೂ ಎಲ್ಲರಂತೆ ಹಸಿರಿದ್ದಾಗ ಕೃತಜ್ಞತೆಯ ಕೀರ್ತನೆ, ಒಣಗಿದಾಗ ಮರಣದ ಕೀರ್ತನೆ ಇಟ್ಟುಕೊಂಡಿದ್ದೆವು. ಅದು ಕೆಲಸ ಮಾಡಲಿಲ್ಲ. ಹಸಿರಿನ ನಡುವೆ ಸ್ತುತಿ ಪುಕ್ಕಟೆ ಬರುತ್ತದೆ, ಸೆಲ್ಫಿಯಷ್ಟೇ ಸುಲಭ. ಒಣಗಿದ ಹುಲ್ಲಿನ ಮುಂದೆ ಕೂತು 'ನಾವು ಒಣಗುತ್ತೇವೆ' ಎಂದು ಓದುವುದು ಕಣ್ಣಿಗೆ ಕಂಡದ್ದನ್ನೇ ಕಿವಿಗೆ ಹೇಳಿದಂತೆ. ಆ ವರ್ಷ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರಿಗೆ ಅದು ಗಾಯದ ಮೇಲೆ ಉಪ್ಪು. ತಿರುಗಿಸಿದೆವು. ದಿನ ಎಣಿಸುವ ಕೀರ್ತನೆ ಹಸಿರಿನಲ್ಲಿ, ಸ್ತುತಿಯ ಕೀರ್ತನೆ ಬೂದಿಯಲ್ಲಿ.

ಮೊದಲ ಭೇಟಿ ಜೂನ್. ಪುಣೆಗೆ ಮಳೆ ಸಾಮಾನ್ಯವಾಗಿ ಜೂನ್ ಎರಡನೇ ವಾರ ಹಿಡಿಯುತ್ತದೆ. ಮೊದಲ ಒಳ್ಳೆ ಮಳೆಯಾಗಿ ಹತ್ತು-ಹನ್ನೆರಡು ದಿನಕ್ಕೆ ಹೋಗಬೇಕು, ಆಗ ಹುಲ್ಲು ಬೆರಳುದ್ದ. ಬಂಡೆಯ ಸಂದುಗಳಿಂದ ಬಿಳಿ ಪ್ಯಾಂಕ್ರೇಶಿಯಮ್ ಹೂ ಎದ್ದಿರುತ್ತದೆ, ಗಡ್ಡೆಯಿಂದ ನೇರ ಮೇಲೆ, ಎಲೆ ಇನ್ನೂ ನೆಟ್ಟಗೆ ಬಂದಿರುವುದಿಲ್ಲ. ಒಂದೆರಡು ದಿನದ ಹೂ, ತಡ ಮಾಡಿದರೆ ಸಿಗದು. ಇಲ್ಲಿ ಗಮನಿಸಬೇಕಾದದ್ದು ಮಣ್ಣು ತೆಳುವಾದ ಕಡೆ ಮೊಳಕೆ ಮೊದಲು ಏಳುತ್ತದೆ ಅನ್ನುವುದು. ಬಿತ್ತುವವನ ಸಾಮ್ಯದಲ್ಲಿ ಬಂಡೆ ನೆಲದ ಬೀಜ ಬೇಗ ಮೊಳೆತದ್ದೇ ಮಣ್ಣು ಆಳವಿಲ್ಲದ್ದರಿಂದ ಅಂತ ಇದೆಯಲ್ಲ, ಅದನ್ನು ಬೆರಳಿಟ್ಟು ತೋರಿಸಬಹುದು. ಗಲಿಲಾಯ ಸಮುದ್ರದ ಸುತ್ತಿನ ನೆಲವೂ ಕರಿಕಲ್ಲಿನದೇ, ಕಪೆರ್ನೌಮು, ಖೊರಾಜಿನ್‌ಗಳ ಹಳೆಯ ಗೋಡೆಗಳು ಕಪ್ಪು ಬಸಾಲ್ಟಿನವು. ಸಾಮ್ಯ ಕೇಳಿದವರ ಕಾಲ ಕೆಳಗಿದ್ದ ಕಲ್ಲಿಗೂ ನಮ್ಮ ಕಾಲ ಕೆಳಗಿನ ಕಲ್ಲಿಗೂ ಜಾತಿ ಒಂದೇ.

ಜೂನಿನ ಓದು ಯಾಕೋಬ 4:13ರಿಂದ 15. ಇಂಥ ಊರಿಗೆ ಹೋಗಿ ಒಂದು ವರ್ಷ ಇದ್ದು ಲಾಭ ಮಾಡುತ್ತೇವೆ ಅನ್ನುವವರಿಗೆ, ನೀವು ಸ್ವಲ್ಪ ಹೊತ್ತು ಕಾಣಿಸಿ ಮಾಯವಾಗುವ ಹಬೆ ಎಂದು ಹೇಳುವ ಭಾಗ. ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು ಇದನ್ನು ಓದಿ ನಗುತ್ತಾರೆ, ಕಂಪನಿ ವಿದೇಶಕ್ಕೆ ಕಳಿಸುವ ಆನ್‌ಸೈಟ್ ಅಂದರೆ ಇದೇ ತಾನೇ ಎಂದು. ಪತ್ರಿಕೆ ಯೋಜನೆ ಮಾಡಬೇಡಿ ಅನ್ನುವುದಿಲ್ಲ, 'ಕರ್ತನ ಚಿತ್ತವಿದ್ದರೆ' ಸೇರಿಸಿಕೊಳ್ಳಿ ಅನ್ನುತ್ತದೆ. ಆದ್ದರಿಂದ ಆ ವರ್ಷದ ಒಂದು ಯೋಜನೆಯನ್ನು ಎಲ್ಲರೂ ಚೀಟಿಯಲ್ಲಿ ಬರೆದು ನೋಟ್‌ಬುಕ್ಕಿನಲ್ಲಿ ಅಂಟಿಸುತ್ತೇವೆ. ಮೇ ತಿಂಗಳಲ್ಲಿ ಅದನ್ನು ತೆರೆಯುವುದು.

ಎರಡನೆಯದು ಸೆಪ್ಟೆಂಬರ್, ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ. ಇದಕ್ಕೆ ಹೊತ್ತು ಮುಖ್ಯ, ಏಳು ಗಂಟೆಯೊಳಗೆ ಚೌಕದ ಮುಂದೆ ಕೂತಿರಬೇಕು. ಕಾರಣ ಒಂದು ನೀಲಿ ಹೂ. ಮರಾಠಿಯವರು ಕೇನಾ ಅನ್ನುತ್ತಾರೆ, ನಮ್ಮಲ್ಲಿ ಕನ್ನೆ ಸೊಪ್ಪು ಅಂತ ಕರೆಯುವವರಿದ್ದಾರೆ. ಹೊಲದ ಬದುವಿನಲ್ಲಿ ಕಳೆ ಎಂದು ಕಿತ್ತು ಎಸೆಯುವ ಗಿಡ. ದೋಣಿಯಂತೆ ಮಡಚಿದ ಹಸಿರು ಎಲೆಯೊಳಗಿಂದ ಹೂ ಬೆಳಿಗ್ಗೆ ಹೊರಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಮುಗಿಯುವ ರೀತಿ ನೋಡಬೇಕು: ಬೇರೆ ಹೂಗಳಂತೆ ಒಣಗಿ ಉದುರುವುದಿಲ್ಲ, ದಳ ಕರಗಿ ನೀಲಿ ನೀರಿನ ಹನಿಯಂತಾಗುತ್ತದೆ. ಮುಟ್ಟಿದರೆ ಬೆರಳಿಗೆ ತೇವ ಅಂಟುತ್ತದೆ, ದಳ ಇರುವುದಿಲ್ಲ. ಅರ್ಧ ಗಂಟೆ ಕೂತರೆ ಇದು ಕಾಣದು. ಆದ್ದರಿಂದ ರಜೆ ಇರುವವರೊಬ್ಬರು ಹನ್ನೆರಡು ಗಂಟೆಗೆ ಮತ್ತೆ ಹತ್ತಿ ಅದೇ ಹೂವಿನ ಫೋಟೋ ಗುಂಪಿಗೆ ಕಳಿಸುತ್ತಾರೆ. ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವಾಗ ಆ ಫೋಟೋ ಬರುತ್ತದೆ. ಬೆಳಿಗ್ಗೆ ಚಿಗುರಿದ ಹುಲ್ಲು ಸಂಜೆಗೆ ಬಾಡುತ್ತದೆ ಅನ್ನುವ ಕೀರ್ತನೆ 90ರ ಆರನೇ ವಚನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಓದು ಕೀರ್ತನೆ 90, ಹದಿನೇಳು ವಚನ ಪೂರ್ತಿ, ನಿಧಾನವಾಗಿ. ಆಮೇಲೆ ಹನ್ನೆರಡನೇ ವಚನವನ್ನು ಅಕ್ಷರಶಃ ಮಾಡುವುದು, ಅಂದರೆ ದಿನ ಎಣಿಸುವುದು. ವಯಸ್ಸನ್ನು 365.25ರಿಂದ ಗುಣಿಸಿ, ಹುಟ್ಟುಹಬ್ಬ ಕಳೆದ ಮೇಲಿನ ದಿನ ಸೇರಿಸಿ. ನಲವತ್ತು ತುಂಬಿದವರು 14,610 ದಿನ ಬದುಕಿದ್ದಾರೆ. ಕೀರ್ತನೆ ಹೇಳುವ 70 ವರ್ಷ ಅಂದರೆ ಸುಮಾರು 25,567 ದಿನ, 80 ಅಂದರೆ 29,220. ಇಲ್ಲಿಗೆ ನಿಲ್ಲಿಸಬೇಕು. 25,567ರಿಂದ ಕಳೆಯಲು ಹೋಗಬೇಡಿ. ಗುಂಪಿನಲ್ಲಿ 72 ವಯಸ್ಸಿನ ಅಜ್ಜಿ ಇದ್ದರೆ ಅವರ ಉತ್ತರ ಮೈನಸ್ ಬರುತ್ತದೆ, ಅವರು ನಕ್ಕರೂ ಉಳಿದವರಿಗೆ ತಲೆ ಎತ್ತಲಾಗುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಉಳಿದ ದಿನಗಳು ನಮ್ಮ ಲೆಕ್ಕದಲ್ಲೇ ಇಲ್ಲ. ಲೂಕ 12ರಲ್ಲಿ ಕಣಜ ದೊಡ್ಡದು ಮಾಡುವ ಐಶ್ವರ್ಯವಂತ ಮಾಡಿದ್ದು ಇದೇ ಕಳೆಯುವ ಲೆಕ್ಕ, ಬಹಳ ವರ್ಷಕ್ಕೆ ಸಾಕಾಗುವಷ್ಟಿದೆ ಅಂದ, ಅದೇ ರಾತ್ರಿ ಹೋದ. ಅಡವಿಯ ಹೂಗಳ ಮಾತು ಬರುವುದು ಅದೇ ಅಧ್ಯಾಯದಲ್ಲಿ, ಅವನ ಕಥೆಯ ಬೆನ್ನಿಗೆ. ನಮಗೆ ಗೊತ್ತಿರುವುದು ಬಂದು ಹೋದ ದಿನಗಳು, ಕೈಗೆ ಬಂದ ದಾನ. ಅವನ್ನು ಎಣಿಸಿದರೆ ಎಣಿಕೆಯೇ ಸ್ತುತಿಯ ಕಡೆ ತಿರುಗುತ್ತದೆ. ಉಳಿದವನ್ನು ಎಣಿಸಿದರೆ ಕಳವಳದ ಕಡೆ. ಮಕ್ಕಳಿಗೆ ಈ ಲೆಕ್ಕ ಬಹಳ ಇಷ್ಟ, ತಮ್ಮ ಹತ್ತು ಸಾವಿರನೇ ದಿನ ಯಾವಾಗ ಅಂತ ಹುಡುಕುತ್ತಾರೆ. ಅದು 27 ವರ್ಷ ನಾಲ್ಕೂವರೆ ತಿಂಗಳಿಗೆ ಬರುತ್ತದೆ.

ನವೆಂಬರ್ 2ರ ಹತ್ತಿರದ ಶನಿವಾರ ಮೂರನೆಯದು. ಕೆಥೋಲಿಕರಿಗೆ ಅದು ಸತ್ತವರ ಸ್ಮರಣೆಯ ದಿನ. ನಮ್ಮ ಗುಂಪಿನಲ್ಲಿ ಕೆಥೋಲಿಕರೂ ಪ್ರೊಟೆಸ್ಟೆಂಟರೂ ಇರುವುದರಿಂದ ಪ್ರಾರ್ಥನೆಯ ಕ್ರಮದ ಬಗ್ಗೆ ವಾದ ಬೇಡವೆಂದು ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಿ, ಅವರಿಂದ ಪಡೆದ ಒಂದೊಂದು ವಸ್ತುವನ್ನು ಹೆಸರಿಸಿ ಸುಮ್ಮನಾಗುತ್ತೇವೆ. ಹುಲ್ಲು ಈಗ ಹೊಂಬಣ್ಣ, ತೆನೆ ಮಾಗಿದೆ. ಬಟ್ಟೆಗೆ ಚುಚ್ಚಿಕೊಳ್ಳುವ ಉದ್ದ ಮುಳ್ಳುಕೂದಲಿನ ಬೀಜ ಈ ಭೇಟಿಯ ಉಪದ್ರವ, ಇದೇ ಭೇಟಿಯ ಪಾಠವೂ. ಮರಾಠಿಯಲ್ಲಿ ಅದು ಕುಸಳ. ನಿನ್ನ ಕಣ್ಣಿನ ತೊಲೆ ಬಿಟ್ಟು ಸಹೋದರನ ಕಣ್ಣಿನ ಕಸ ನೋಡುವುದೇಕೆ ಎಂದು ಯೇಸು ಕೇಳುತ್ತಾನಲ್ಲ, ಮರಾಠಿ ಬೈಬಲ್ಲಿನಲ್ಲಿ ಸಹೋದರನ ಕಣ್ಣಿನಲ್ಲಿರುವುದು ಈ ಕುಸಳವೇ, ನಮ್ಮ ಕನ್ನಡದಲ್ಲಿ ಅದು ರವೆ. ಸಾಕ್ಸಿನಿಂದ ಹತ್ತು ಕುಸಳ ಕಿತ್ತವರಿಗೆ ಮರಾಠಿಯ ಆಯ್ಕೆ ಹೆಚ್ಚು ಚುಚ್ಚುತ್ತದೆ. ಒಂದನ್ನು ಅಂಗೈ ಮೇಲಿಟ್ಟು ಎರಡು ಹನಿ ನೀರು ಹಾಕಿ. ಹಗ್ಗದಂತೆ ಹೊಸೆದುಕೊಂಡಿರುವ ಬಾಲ ನೆನೆದು ತಾನಾಗಿ ತಿರುಗತೊಡಗುತ್ತದೆ, ಒಣಗಿದಾಗ ಮತ್ತೆ ಹೊಸೆದುಕೊಳ್ಳುತ್ತದೆ. ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು ಸೇರಿ ಬೀಜವನ್ನು ತಿರುಪಿನಂತೆ ಮಣ್ಣೊಳಗೆ ಇಳಿಸುತ್ತವೆ. ಫೆಬ್ರುವರಿಯ ಬೆಂಕಿ ಮೇಲಿನ ಹುಲ್ಲನ್ನು ಸುಟ್ಟಾಗ ಬೀಜ ಕೆಳಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ನೋಡಿದೊಡನೆ ಯಾರಾದರೊಬ್ಬರು 'ನೋಡಿ, ಹುಲ್ಲು ಸಾಯುವುದೇ ಇಲ್ಲ, ಹಾಗೆಯೇ ನಾವೂ' ಅಂತ ಪ್ರಸಂಗ ಶುರು ಮಾಡುತ್ತಾರೆ. ತಡೆಯಬೇಕು. ಯೋಬ 14ರಲ್ಲಿ ನೇರ ಉಲ್ಟಾ ಮಾತಿದೆ. ಕಡಿದ ಮರಕ್ಕೆ ನಿರೀಕ್ಷೆ ಉಂಟು, ನೀರಿನ ವಾಸನೆಗೆ ಚಿಗುರುತ್ತದೆ, ಮನುಷ್ಯನೋ ಸತ್ತು ಬಿದ್ದಿರುತ್ತಾನೆ. ಪುನರುತ್ಥಾನಕ್ಕೆ ಪೌಲ ಬೀಜದ ಮಾತು ಎತ್ತುವಾಗಲೂ ಅದು ದೇವರು ಕೊಡುವ ದೇಹ ಅನ್ನುತ್ತಾನೆ, ಬೀಜದ ಸ್ವಂತ ಸಾಮರ್ಥ್ಯ ಅನ್ನುವುದಿಲ್ಲ. ಋತುಚಕ್ರವನ್ನು ಸುವಾರ್ತೆ ಮಾಡಿಬಿಟ್ಟರೆ ಕ್ರಿಸ್ತನ ಸಮಾಧಿಗೆ ಕೆಲಸವೇ ಉಳಿಯುವುದಿಲ್ಲ.

ನಾಲ್ಕನೆಯದು ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ಬೂದಿ ಬುಧವಾರದ ವಾರ. ಫೆಬ್ರುವರಿ ಅಥವಾ ಮಾರ್ಚ್ ಮೊದಲ ದಿನಗಳು. ಟೇಕಡಿಯಲ್ಲಿ ಆ ಹೊತ್ತಿಗೆ ಎಲ್ಲಾದರೂ ಬೆಂಕಿ ಬಿದ್ದಿರುತ್ತದೆ. ಸೇದಿ ಎಸೆದ ತುಂಡು, ಕಸ ಸುಟ್ಟ ಕಿಡಿ, ಯಾವುದಾದರೂ ಸಾಕು. ಚೌಕ ಸುಟ್ಟಿರದಿದ್ದರೆ ಇದ್ದ ಹಾಗೆ ನೋಡಿ, ಪಕ್ಕದಲ್ಲಿ ಸುಟ್ಟ ಜಾಗ ಹುಡುಕಿಕೊಂಡು ಹೋಗಿ ಕೂರುವ ನಾಟಕ ಬೇಡ. ಅಂಗೈಯಲ್ಲಿ ಉಜ್ಜಿದರೆ ಹುಲ್ಲು ಪುಡಿಯಾಗುತ್ತದೆ. ಪ್ಯಾಲೆಸ್ತೀನಿನಲ್ಲಿ ಕಟ್ಟಿಗೆ ಕಡಿಮೆ, ರೊಟ್ಟಿ ಸುಡುವ ಮಣ್ಣಿನ ಒಲೆಗೆ ಒಣಹುಲ್ಲು ತುರುಕುತ್ತಿದ್ದರು. ತೊಗರಿ ಕಡ್ಡಿ, ಜೋಳದ ದಂಟು ಉರಿಸಿ ರೊಟ್ಟಿ ಬಡಿದ ಮನೆಗಳಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಓದು ಕೀರ್ತನೆ 103, ಇಪ್ಪತ್ತೆರಡು ವಚನ. ಇದರ ಕಟ್ಟು ನೋಡಿ: ಎರಡನೇ ವಚನದಲ್ಲಿ ಉಪಕಾರಗಳನ್ನು ಮರೆಯಬೇಡ ಅಂತ ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ, ಪಟ್ಟಿ ಮಾಡುತ್ತಾನೆ, ಹದಿನಾಲ್ಕರಲ್ಲಿ ನಾವು ಧೂಳಿ ಎಂಬುದನ್ನು ದೇವರು ಬಲ್ಲ ಅನ್ನುತ್ತಾನೆ, ಹದಿನೈದು-ಹದಿನಾರರಲ್ಲಿ ಹುಲ್ಲು, ಹದಿನೇಳರಲ್ಲಿ ಮತ್ತೆ ಕೃಪೆ. ಬಾಡುವ ಮಾತು ಸ್ತುತಿಯ ನಡುವೆ ಸಿಕ್ಕಿಕೊಂಡಿದೆ. ಹೊರಗೆ ನಿಂತು ಹೆದರಿಸುವುದಿಲ್ಲ. ನಾವು ಧೂಳೆಂದು ದೇವರು ನೆನಪಿಟ್ಟುಕೊಳ್ಳುವುದು ಇಲ್ಲಿ ಕನಿಕರದ ಕಾರಣವಾಗಿ ಬಂದಿದೆ, ತಂದೆ ಮಕ್ಕಳನ್ನು ಕನಿಕರಿಸುವ ಮಾತಿನ ಬೆನ್ನಲ್ಲೇ.

ಈ ದಿನ ಹೊಸ ಸಾಲು ಬರೆಯುವಂತಿಲ್ಲ. ಜೂನ್, ಸೆಪ್ಟೆಂಬರ್, ನವೆಂಬರಿನ ಸಾಲುಗಳನ್ನು ಓದಿ, ಅವುಗಳಲ್ಲಿ ಈಗ ಇಲ್ಲದ್ದನ್ನು ಹುಡುಕಿ, ಅದಕ್ಕೆ ಮತ್ತೊಮ್ಮೆ ಸ್ತುತಿ ಹೇಳುವುದು. ಕೊಡೆ ಹಿಡಿದ ವಾಚ್‌ಮನ್ ಕೆಲಸ ಬಿಟ್ಟು ಊರಿಗೆ ಹೋಗಿರುತ್ತಾನೆ. ಹೂವಂತೂ ಇಲ್ಲವೇ ಇಲ್ಲ. ಇದ್ದದ್ದು ಹೋದದ್ದರಿಂದ ಕೊಟ್ಟದ್ದು ಸುಳ್ಳಾಗಲಿಲ್ಲ ಅನ್ನುವುದು ಬಾಯಿಂದ ಹೊರಬರುವುದಕ್ಕೆ ಇದಕ್ಕಿಂತ ಸರಳ ದಾರಿ ನಮಗೆ ಕಂಡಿಲ್ಲ.

ಶೋಕದಲ್ಲಿರುವವರ ವಿಷಯ ಇಲ್ಲೇ ಹೇಳಬೇಕು. ಅವರನ್ನು ಸ್ತುತಿ ಹೇಳಲು ಒತ್ತಾಯಿಸಬಾರದು. ಥೆಸಲೋನಿಕದವರಿಗೆ ಪೌಲ ಬರೆದದ್ದು 'ಎಲ್ಲಾದರಲ್ಲಿಯೂ' ಕೃತಜ್ಞತಾಸ್ತುತಿ ಮಾಡಿ ಎಂದು, ಕನ್ನಡದ ಸಪ್ತಮಿ ವಿಭಕ್ತಿ ಅದನ್ನು ಸ್ಪಷ್ಟವಾಗಿ ಹಿಡಿದಿದೆ. ಸಾವಿನಲ್ಲಿಯೂ ಸ್ತುತಿ ಇರಬಹುದು, ಸಾವಿಗಾಗಿ ಸ್ತುತಿ ಬೇರೆ. ಎಫೆಸ 5:20 ತೋರಿಸಿ ವಾದಿಸುವವರು ಸಿಗುತ್ತಾರೆ, ಅಲ್ಲಿ 'ಎಲ್ಲಾ ಕಾರ್ಯಗಳಿಗೋಸ್ಕರ' ಎಂಬ ಅರ್ಥ ಬರುತ್ತದೆ ನಿಜ. ಆ ವಾದ ಇಳಿದ ಮೇಲೆ ಚಹಾದ ಜೊತೆ ಮಾಡಬಹುದು, ಅಳುತ್ತಿರುವವರ ಮುಂದೆ ಅಲ್ಲ. ಅವರು ಬೇಕಾದರೆ ಕೀರ್ತನೆ 88 ತೆರೆದು ಕೂರಲಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲ್ಲಿನಲ್ಲೇ ಇದೆ.

ಮೇ ತಿಂಗಳ ಐದನೇ ಭೇಟಿ ಚಿಕ್ಕದು, ಆರೂವರೆಗೆ ಹತ್ತಿ ಏಳೂಕಾಲಿಗೆ ಇಳಿಯಬೇಕು, ಬಿಸಿಲು ತಾಳದು. ಚೌಕದಲ್ಲಿ ಕಲ್ಲು, ಇರುವೆ, ನಾಲ್ಕು ಮೋಟು ಬುಡ. ಓದು ಯೋನನ ನಾಲ್ಕನೇ ಅಧ್ಯಾಯ. ಒಂದು ರಾತ್ರಿಯಲ್ಲಿ ಬೆಳೆದು ಮರುದಿನ ಬಾಡಿದ ಗಿಡ ಔಡಲ ಎಂದು ಹಲವರ ಅಭಿಪ್ರಾಯ, ಅದು ಪುಣೆಯ ಖಾಲಿ ಸೈಟುಗಳಲ್ಲೆಲ್ಲ ಇದೆ. ಯೋನ ಗಿಡದ ನೆರಳಿಗೆ ಬಹಳ ಸಂತೋಷಪಟ್ಟ ಅಂತ ಬರೆದಿದೆ. ಸ್ತುತಿ ಹೇಳಿದ ಅಂತ ಎಲ್ಲೂ ಇಲ್ಲ. ಹಿಂದೆ ದೊಡ್ಡ ಮೀನು ನುಂಗಿದಾಗ ಅದರ ಹೊಟ್ಟೆಯಲ್ಲಿ ಸ್ತುತಿ ಹೇಳಿದ್ದವನೇ ನೆರಳಿನಲ್ಲಿ ಮರೆತ. ಜೂನಿನ ಚೀಟಿಗಳನ್ನು ಈಗ ತೆರೆಯುತ್ತೇವೆ. ನಡೆದ ಯೋಜನೆಗಳಲ್ಲಿ ಎಷ್ಟಕ್ಕೆ ಖುಷಿಪಟ್ಟೆವು, ಎಷ್ಟಕ್ಕೆ ಸ್ತುತಿ ಹೇಳಿದೆವು, ಎರಡು ಕಾಲಮ್. ಎರಡನೆಯದು ಯಾವಾಗಲೂ ಗಿಡ್ಡ.

ಟೇಕಡಿ ಹತ್ತಲಾಗದ ಹಿರಿಯರಿಗೆ ಬಾಲ್ಕನಿಯಲ್ಲಿ ಒಂದು ತಟ್ಟೆ. ಒಂದು ಅಡಿ ಉದ್ದದ ತಗ್ಗು ಟ್ರೇ, ಅಡಿಗೆ ನಾಲ್ಕಾರು ತೂತು, ಒಂದು ಇಂಚು ಮಣ್ಣು, ಒಂದು ಹಿಡಿ ಗೋಧಿ ರಾತ್ರಿ ನೆನೆಸಿ ಹರಡುವುದು. ಮೂರನೇ ದಿನ ಮೊಳಕೆ, ಎಂಟು-ಹತ್ತನೇ ದಿನಕ್ಕೆ ಗೇಣುದ್ದದ ಹತ್ತಿರ. ಅಲ್ಲಿಗೆ ನೀರು ನಿಲ್ಲಿಸಿದರೆ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೆ ಮಲಗುತ್ತದೆ. ಜೋಳ ಬೇಡ. ಎಳೆ ಜೋಳದ ಪೈರಿನಲ್ಲಿ ವಿಷವಿರುತ್ತದೆ, ಮುಗಿದ ಮೇಲೆ ಯಾರಾದರೂ ಕೆಳಗಿನ ದನಕ್ಕೋ ಮೇಕೆಗೋ ಹಾಕಿದರೆ ಅಪಾಯ, ಇದು ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಟ್ರೇ ನೋಡಿದ ನೆರೆಯವರು ಇದು ನವರಾತ್ರಿಯಲ್ಲಿ ಕಾಳು ಮೊಳೆಸಿಡುವ ಘಟ್ಟವೇ ಎಂದು ಕೇಳುತ್ತಾರೆ, ಸಭೆಯಲ್ಲಿ ಕೆಲವರಿಗೆ ಅದು ಕಸಿವಿಸಿ. ಆ ಹಬ್ಬದ ಹೊತ್ತಿಗೆ ಇಡದಿದ್ದರೆ ಪ್ರಶ್ನೆಯೇ ಏಳುವುದಿಲ್ಲ.

ಮುಂಬಯಿಯವರು ಹುಲ್ಲು ಎಲ್ಲಿ ತರುವುದೆಂದು ಕೇಳುತ್ತಾರೆ. ಕಿಟಕಿಯ ಛಜ್ಜಾ ನೋಡಿ. ಮಳೆಗಾಲದಲ್ಲಿ ಸಿಮೆಂಟಿನ ಸೀಳಿನಲ್ಲಿ ಎದ್ದ ಹುಲ್ಲು, ಕೀರ್ತನೆ 129 ಹೇಳುವ ಮಾಳಿಗೆಯ ಹುಲ್ಲು ಅದೇ, ಬೆಳೆಯುವ ಮೊದಲೇ ಒಣಗುವಂಥದು. ಮಣ್ಣಿನ ಮೇಲ್ಮುದ್ದೆಯ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮ ಹಿರಿಯರಿಗೆ ಆ ವಚನ ಓದಿದ ಕೂಡಲೇ ಮನೆಯೇ ನೆನಪಾಗುತ್ತದೆ. ಗೋಡೆಯ ಪಾಚಿಯನ್ನು ಮಾತ್ರ ಆರಿಸಬೇಡಿ. ಒಣಗಿ ಕಪ್ಪಾದ ಪಾಚಿ ನೀರು ಚಿಮುಕಿಸಿದರೆ ಮತ್ತೆ ಹಸಿರಾಗುತ್ತದೆ, ಪಾಠ ತಲೆಕೆಳಗಾಗುತ್ತದೆ.

ನೋಟ್‌ಬುಕ್ ಒಂದೇ ಇರಲಿ, ಮನೆಯಿಂದ ಮನೆಗೆ ಸರದಿಯಲ್ಲಿ ಹೋಗಲಿ. ಮಳೆಗೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಒಳ್ಳೆಯದು. ಎರಡನೇ ವರ್ಷ ಜಾಗ ಬದಲಿಸಬಾರದು, ಹೋದ ವರ್ಷದ ಏಳು ಬಗೆ ಈ ವರ್ಷ ಐದಾಯಿತೋ ಒಂಬತ್ತಾಯಿತೋ ಅನ್ನುವುದು ಅಲ್ಲೇ ಕೂತರೆ ಮಾತ್ರ ತಿಳಿಯುತ್ತದೆ. ಮೇ ತಿಂಗಳಲ್ಲಿ ಇಳಿಯುವ ಮುಂಚೆ ನಾಲ್ಕೂ ಕಲ್ಲು ಮಗುಚಿ ಸುಣ್ಣ ನೋಡಿಕೊಳ್ಳಿ. ವರ್ಷದ ಮಳೆಗೆ ಅರ್ಧ ಅಳಿಸಿರುತ್ತದೆ, ಮತ್ತೊಂದು ಬಾರಿ ಹಚ್ಚಿ ಒಣಗಲು ಅರ್ಧ ಗಂಟೆ ಬೇಕು.